ಓಟು ಕ್ರಯಪತ್ರವಲ್ಲ

1977ರ ಮಾರ್ಚಿನಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ಉತ್ತರ ಪ್ರದೇಶದಲ್ಲೂ ಬಿಹಾರದಲ್ಲೂ ಆ ಪಕ್ಷಕ್ಕೆ ಒಂದೇ ಒಂದು ಸ್ಥಾನ ದಕ್ಕಲಿಲ್ಲ. ರಾಯ್‌ಬರೇಲಿಯಲ್ಲಿ ಪ್ರಧಾನಿಯೇ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕ ಅವರಿಗೆ 28ರಲ್ಲಿ 26 ಸ್ಥಾನ ಎತ್ತಿಕೊಟ್ಟಿತು. ಕೊಡಲೊಲ್ಲೆವೆಂದ ಕ್ಷೇತ್ರಗಳು ಎರಡೇ: ಹಾಸನ, ಮತ್ತು ನಮ್ಮ ಬಸವನಗುಡಿ ಸೇರಿದ್ದ ಬೆಂಗಳೂರು ದಕ್ಷಿಣ. ಇಲ್ಲಿ ಗೆದ್ದವರು ಕೆ.ಎಸ್. ಹೆಗ್ಡೆ. ಕಾರ್ಕಳದ ಕಡೆಯವರು. ನಾಲ್ಕು ವರ್ಷದ ಹಿಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹುದ್ದೆಗೆ ರಾಜೀನಾಮೆ ಕೊಟ್ಟು ಹೊರಬಂದವರು.

ಈ ಬಡಾವಣೆಯವನಾಗಿ ನನಗೆ ಆ ಫಲಿತಾಂಶದ ಬಗ್ಗೆ ಇವತ್ತಿಗೂ ಹೆಮ್ಮೆಯಿದೆ. ಈಗ ಇದೇ ಬೀದಿಗಳಲ್ಲಿ ಕಿವಿಗೆ ಬೀಳುವ ಮಾತು ನನ್ನನ್ನು ಇಷ್ಟು ನೋಯಿಸುವುದು ಅದಕ್ಕೇ. ಕೃಷ್ಣರಾವ್ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದು ಬೆಂಚಿನ ಮೇಲೆ ಕೂತವರು, ಗಾಂಧಿ ಬಜಾರಿನಲ್ಲಿ ಕಾಫಿ ಲೋಟ ಹಿಡಿದು ನಿಂತವರು, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂವು ಕೊಳ್ಳುತ್ತ ಎದುರಾದವರು, ಚಾಮರಾಜಪೇಟೆಯ ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತವರು, ಎಲ್ಲರೂ ಹೇಳುವುದು ಒಂದೇ: "ಎಮರ್ಜೆನ್ಸೀಲಿ ಒಂದು ಶಿಸ್ತು ಅಂತ ಇತ್ತು ಸ್ವಾಮಿ. ರೈಲು ಹೊತ್ತಿಗೆ ಸರಿಯಾಗಿ ಬರ್ತಿತ್ತು. ಗುಮಾಸ್ತ ಹೊತ್ತಿಗೆ ಸರಿಯಾಗಿ ಕುರ್ಚೀಲಿರ್ತಿದ್ದ. ನಮ್ಮ ಕರ್ನಾಟಕದಲ್ಲಂತೂ ಏನೂ ತೊಂದರೆ ಆಗ್ಲಿಲ್ಲ. ಈ ದೇಶಕ್ಕೆ ಅಂಥ ಒಬ್ಬ ಗಟ್ಟಿ ಆಸಾಮಿ ಬೇಕು. ಅಷ್ಟಕ್ಕೂ ಜನ ಆರಿಸಿ ಕಳಿಸಿದವರೇ ಅಲ್ವಾ?"

ಹೀಗೆ ಹೇಳುವವರು ಯಾವುದೋ ಒಂದು ಪಕ್ಷದವರಲ್ಲ. ಇಂದಿರಮ್ಮನನ್ನು ಈಗಲೂ ನೆನೆಯುವ ಕಾಂಗ್ರೆಸ್ಸಿಗರು ಹೇಳುತ್ತಾರೆ. ಜೂನ್ 25ರಂದು ಕರಾಳ ದಿನ ಆಚರಿಸಿ, 26ರ ಬೆಳಿಗ್ಗೆ ಗಟ್ಟಿ ನಾಯಕನೇ ದೇಶಕ್ಕೆ ಗತಿ ಎನ್ನುವವರೂ ಹೇಳುತ್ತಾರೆ. ಓದಿದವರು, ಒಳ್ಳೆಯವರು, ಮಕ್ಕಳಿಗೆ ನೀತಿ ಹೇಳುವವರು. ಅವರ ಮಾತಿನಲ್ಲಿ ಮೂರು ವಾದಗಳಿವೆ: ಶಿಸ್ತಿತ್ತು, ಇಲ್ಲಿ ಏನೂ ಆಗಲಿಲ್ಲ, ಜನಾದೇಶವಿತ್ತು. ಮೂರೂ ಸುಳ್ಳು. ಬರೀ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಮುಂದೆ ಬರುವ ಸರ್ವಾಧಿಕಾರಿಗೆ ಹಾಸಿಗೆ ಹಾಸಿಡುವ ಸುಳ್ಳುಗಳಿವು.

ಮೊದಲು ಜನಾದೇಶದ ಮಾತು.

1971ರಲ್ಲಿ ಇಂದಿರಾ ಗಾಂಧಿ 352 ಸ್ಥಾನ ಗೆದ್ದದ್ದು ನಿಜ. ಆಗಿನ ಮೈಸೂರು ರಾಜ್ಯ ತನ್ನ 27ಕ್ಕೆ 27ನ್ನೂ ಅವರಿಗೇ ಕೊಟ್ಟಿತ್ತು. ಆದರೆ ಏನು ಕೊಟ್ಟಿತ್ತು? ಹಳೇ ಬೆಂಗಳೂರಿನ ವಠಾರಗಳಲ್ಲಿ ಬಾಡಿಗೆಗೆ, ಭೋಗ್ಯಕ್ಕೆ ಬಾಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಟು ಅನ್ನುವುದು ಐದು ವರ್ಷದ ಕರಾರು, ಕ್ರಯಪತ್ರವಲ್ಲ. ಮನೆ ಯಾವತ್ತೂ ನಮ್ಮದು. ಕರಾರಿನ ಷರತ್ತು ಮುರಿದರೆ ಬಿಡಿಸಲು ಕೋರ್ಟಿದೆ, ಅವಧಿ ಮುಗಿದರೆ ಬೀಗದ ಕೈ ವಾಪಸು ಕೊಡಬೇಕು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ ಲಾಲ್ ಸಿನ್ಹಾ, ಷರತ್ತು ಮುರಿದಿದೆ ಎಂದರು. ರಾಜ್ ನಾರಾಯಣ್ ಹೂಡಿದ್ದ ದಾವೆಯಲ್ಲಿ ರಾಯ್‌ಬರೇಲಿಯ ಆಯ್ಕೆ ಅಸಿಂಧುವಾಯಿತು. ಸರ್ಕಾರಿ ನೌಕರ ಯಶಪಾಲ್ ಕಪೂರರನ್ನು ಚುನಾವಣೆ ಕೆಲಸಕ್ಕೆ ಬಳಸಿದ್ದು, ವೇದಿಕೆ ಕಟ್ಟಿಸಲು ಮತ್ತು ಧ್ವನಿವರ್ಧಕದ ಕರೆಂಟಿಗೆ ಸರ್ಕಾರಿ ಅಧಿಕಾರಿಗಳನ್ನು ಹಚ್ಚಿದ್ದು, ಇವೇ ತಪ್ಪುಗಳು. "ಇಷ್ಟು ಸಣ್ಣದಕ್ಕೆ ಪ್ರಧಾನೀನ ಇಳಿಸ್ತಾರಾ?" ಎಂದು ಕೇಳುವವರಿದ್ದಾರೆ. ಸಣ್ಣದೇ ಇರಲಿ. ಸಣ್ಣ ಕಾನೂನಿಗೆ ತಲೆಬಾಗದವರು ದೊಡ್ಡದಕ್ಕೆ ಬಾಗುತ್ತಾರೆಯೇ? ಜೂನ್ 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ. ಮೇಲ್ಮನವಿಯ ದಾರಿ ತೆರೆದೇ ಇತ್ತು. ಮರುರಾತ್ರಿಯೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ವಿಷಯ ಗೊತ್ತಾದದ್ದು 26ರ ಬೆಳಗಿನ ಜಾವ, ಎಲ್ಲ ಮುಗಿದ ಮೇಲೆ.

ಮನೆ ಖಾಲಿ ಮಾಡು ಎಂಬ ಆದೇಶ ಬಂದ ಹದಿಮೂರನೇ ದಿನ ಬಾಡಿಗೆಗಿದ್ದವರು ಬೀಗ ಬದಲಾಯಿಸಿದರು. ಆಮೇಲೆ ಕೂತು ಕಾಗದಪತ್ರ ತಿದ್ದಿದರು. 38ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಎಂದಿತು. 39ನೆಯದು, ಪ್ರಧಾನಿಯ ಆಯ್ಕೆಯನ್ನು ಕೋರ್ಟು ಮುಟ್ಟುವಂತಿಲ್ಲ ಎಂದಿತು. ಚುನಾವಣಾ ಕಾನೂನನ್ನು ಹಿಂದಿನ ದಿನಾಂಕದಿಂದ ಜಾರಿಗೆ ಬರುವಂತೆ ಬದಲಿಸಿ, ಅಲಹಾಬಾದಿನಲ್ಲಿ ತಪ್ಪೆನಿಸಿದ್ದನ್ನು ತಪ್ಪಲ್ಲವೆಂದು ಮಾಡಲಾಯಿತು. 1976ರ 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. 1971ರಲ್ಲಿ ಐದು ವರ್ಷಕ್ಕೆಂದು ಓಟು ಹಾಕಿದವರನ್ನು ಆರನೇ ವರ್ಷದ ಬಗ್ಗೆ ಯಾರು ಕೇಳಿದ್ದರು? ಇದನ್ನು ಜನಾದೇಶವೆಂದು ಕರೆಯುವವರು ಪದದ ಅರ್ಥವನ್ನೇ ಕೊಲ್ಲುತ್ತಿದ್ದಾರೆ. ನಮ್ಮ ಗಾದೆಯಲ್ಲಿ ಇದಕ್ಕೆ ಬೇರೆ ಹೆಸರಿದೆ: ಬೇಲಿಯೇ ಎದ್ದು ಹೊಲ ಮೇಯುವುದು.

ಇದು ಒಂದು ರಾತ್ರಿಯಲ್ಲಿ ಆದದ್ದೂ ಅಲ್ಲ. ಮೊದಲ ಸೂಚನೆ ಎರಡು ವರ್ಷ ಮುಂಚೆಯೇ ಸಿಕ್ಕಿತ್ತು, ಅದೂ ಕನ್ನಡಿಗರಿಗೆ ಹತ್ತಿರದ ಮೊಕದ್ದಮೆಯಲ್ಲೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡವುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪಾಯಿತು. ಆ ಏಳರಲ್ಲಿ ಶೆಲತ್, ಮುಂದೆ ಇಲ್ಲಿ ಗೆದ್ದ ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರೂ ಇದ್ದರು. ತೀರ್ಪಿನ ಬೆನ್ನಿಗೇ ಈ ಮೂವರ ಹಿರಿತನವನ್ನು ಬದಿಗೊತ್ತಿ, ಸರ್ಕಾರದ ಪರ ನಿಂತಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಅಂದು ದೇಶ ಅದನ್ನು ಕೋರ್ಟಿನ ಒಳಜಗಳವೆಂದು ನೋಡಿ ಸುಮ್ಮನಾಯಿತು. ಎರಡೇ ವರ್ಷದಲ್ಲಿ ಅದರ ಬೆಲೆ ತೆತ್ತಿತು.

ಎರಡನೆಯ ಮಾತು: "ಕರ್ನಾಟಕದಲ್ಲಿ ಏನೂ ಆಗ್ಲಿಲ್ಲ."

ಗಾಂಧಿನಗರಕ್ಕೆ ಹೋಗಿ, ಈಗ ಫ್ರೀಡಂ ಪಾರ್ಕ್ ಎಂದು ಕರೆಯುವ ಹಳೇ ಸೆಂಟ್ರಲ್ ಜೈಲನ್ನು ಒಮ್ಮೆ ನೋಡಿ. ಸಂಸದೀಯ ಸಮಿತಿಯೊಂದರ ಕೆಲಸಕ್ಕೆ ಊರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಶ್ಯಾಮನಂದನ್ ಮಿಶ್ರ, ಮಧು ದಂಡವತೆ ನಾಲ್ವರನ್ನೂ ಜೂನ್ 26ರಂದು ಹಿಡಿದು ಇಲ್ಲಿಟ್ಟರು. ರಾಮಕೃಷ್ಣ ಹೆಗಡೆ, ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಎಚ್.ಡಿ. ದೇವೇಗೌಡ ಮುಂತಾದವರೂ ಈ ಜೈಲಿನಲ್ಲಿದ್ದರು. ಇವರೆಲ್ಲ ಮುಂದೆ ದೊಡ್ಡ ಕುರ್ಚಿಗಳನ್ನು ಏರಿದರು. ಆದ್ದರಿಂದ ಜೈಲುವಾಸವೆಂದರೆ ಶಟಲ್ ಆಡಿ, ಪುಸ್ತಕ ಓದಿ, ದಿನಚರಿ ಬರೆದು ಹೊರಬಂದ ಕಥೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದೊಡ್ಡವರ ಕಥೆ ಉಳಿಯಿತು, ಉಳಿದವರದು ಅಳಿಸಿಹೋಯಿತು.

ಅದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿಯೂ ಇದ್ದರು. 'ಸಂಸ್ಕಾರ' ಚಿತ್ರದ ಚಂದ್ರಿ. ಅಗ್ರಹಾರದ ಕಪಟವನ್ನು ಬಯಲಿಗೆಳೆದ ಆ ಚಿತ್ರವನ್ನು ನಮ್ಮ ಬಡಾವಣೆಗಳಷ್ಟು ಚರ್ಚಿಸಿದವರು ಕಡಿಮೆ. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಸ್ನೇಹಿತೆ ಎಂಬ ಕಾರಣಕ್ಕೆ, ಬರೋಡಾ ಡೈನಮೈಟ್ ಪ್ರಕರಣದ ಸುಳಿವಿಗಾಗಿ, 1976ರ ಮೇ ಮೊದಲ ವಾರದಲ್ಲಿ ಆಕೆಯನ್ನು ಬಂಧಿಸಿದರು. ತೀವ್ರ ಅಸ್ತಮಾದ ರೋಗಿ. ಎಂಟು ತಿಂಗಳು ಒಳಗಿಟ್ಟರು. ಆ ಪ್ರಕರಣದ ಆರೋಪಪಟ್ಟಿಯಲ್ಲಿ ಕೊನೆಗೂ ಆಕೆಯ ಹೆಸರು ಬರಲಿಲ್ಲ. ಹೆಸರಿಲ್ಲದ ಮೇಲೂ ಆಂತರಿಕ ಭದ್ರತೆಯ ಮೀಸಾ ಕಾಯ್ದೆಯಡಿ ಹಿಡಿದಿಟ್ಟರು, ಯಾಕೆಂದರೆ ಮೀಸಾದಲ್ಲಿ ಹಿಡಿದವರಿಗೆ ಕಾರಣ ಹೇಳಬೇಕಾಗಿಯೇ ಇರಲಿಲ್ಲ. ರಾತ್ರಿಯ ಮೌನದಲ್ಲಿ ಆಕೆಯ ಚೀರಾಟ ತಮ್ಮ ಕೋಣೆಗೆ ಕೇಳಿಸುತ್ತಿತ್ತೆಂದು ಮಧು ದಂಡವತೆ ಆಮೇಲೆ ನೆನೆದಿದ್ದಾರೆ. ಜಾರ್ಜರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಬೆಂಗಳೂರಿನ ಮನೆಯಿಂದ ಕರೆದೊಯ್ದ ಪೊಲೀಸರು, ಅಣ್ಣ ಎಲ್ಲಿ ಎಂದು ಕೇಳುತ್ತ ಹೊಡೆದ ಹೊಡೆತಕ್ಕೆ ಆ ಮನುಷ್ಯ ನಡೆಯಲಾರದಂತಾದರು. ಅವರ ತಾಯಿ ಆಲಿಸ್, ಮಗನ ಸ್ಥಿತಿಯನ್ನು ರಾಷ್ಟ್ರಪತಿಗೆ ಪತ್ರ ಬರೆದು ತಿಳಿಸಬೇಕಾಯಿತು.

ಇವರನ್ನು ನೋಡಲು ನ್ಯಾಯವಿರಲಿಲ್ಲವೇ? ಇತ್ತು, ಅದೂ ನಮ್ಮ ಹೈಕೋರ್ಟಿನಲ್ಲೇ ಇತ್ತು. ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳುವ ಅಧಿಕಾರ ತಮಗಿದೆ ಎಂದ ದೇಶದ ಹಲವು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಅದಕ್ಕೆ ಸಿಕ್ಕ ಉತ್ತರವೇನು? ಅಡ್ವಾಣಿಯವರ ಪರ ವಕೀಲರಾಗಿದ್ದ ಎಂ. ರಾಮಾ ಜೋಯಿಸರೂ ಜೈಲು ಸೇರಿದರು. ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಗುವಾಹಟಿಗೆ ವರ್ಗವಾದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಆ ಹೈಕೋರ್ಟುಗಳ ತೀರ್ಪುಗಳನ್ನೆಲ್ಲ 4-1ರಲ್ಲಿ ಅಳಿಸಿಹಾಕಿತು. ಪೊಲೀಸನೊಬ್ಬ ಸ್ವಂತ ಹಗೆಗೆ ಒಬ್ಬನನ್ನು ಕೊಂದರೂ ಕೋರ್ಟಿನಲ್ಲಿ ಪರಿಹಾರವಿಲ್ಲವೇ ಎಂದು ಕೇಳಿದಾಗ, ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಇಲ್ಲವೆಂದೇ ಸರ್ಕಾರದ ವಕೀಲರು ಒಪ್ಪಿದ್ದರು. ಭಿನ್ನ ತೀರ್ಪು ಬರೆದ ಎಚ್.ಆರ್. ಖನ್ನಾ ಒಬ್ಬರೇ. ಅವರಿಗೂ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಆ ತೀರ್ಪನ್ನು ಸುಪ್ರೀಂ ಕೋರ್ಟು ಖಂಡತುಂಡವಾಗಿ ತಳ್ಳಿಹಾಕಿದ್ದು 41 ವರ್ಷಗಳ ನಂತರ, 2017ರಲ್ಲಿ, ಕರ್ನಾಟಕ ಹೈಕೋರ್ಟಿನದೇ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ.

"ಏನೂ ಆಗ್ಲಿಲ್ಲ" ಎನ್ನುವವರ ಮಾತಿನ ನಿಜವಾದ ಅರ್ಥ ಇಷ್ಟೇ: ನಮ್ಮ ಮನೆಯ ಬಾಗಿಲು ಬಡಿಯಲಿಲ್ಲ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಬಾಗಿಲು ಬಡಿಯದಿದ್ದದ್ದು ಕಾನೂನು ಕಾಪಾಡಿದ್ದರಿಂದಲ್ಲ, ಬಡಿಯುವವರಿಗೆ ಅಂದು ನಮ್ಮಿಂದ ಏನೂ ಬೇಕಿರಲಿಲ್ಲ, ಅದಕ್ಕೆ.

ಇನ್ನು ಶಿಸ್ತು.

ರೈಲು ಹೊತ್ತಿಗೆ ಬಂತೆಂದು ನಮಗೆ ಹೇಳಿದವರು ಯಾರು? ಸೆನ್ಸಾರ್ ಅಧಿಕಾರಿ ಒಪ್ಪಿದ್ದನ್ನಷ್ಟೇ ಅಚ್ಚು ಹಾಕುತ್ತಿದ್ದ ಪತ್ರಿಕೆಗಳು ಮತ್ತು ಸರ್ಕಾರದ ಆಕಾಶವಾಣಿ. ರೈಲು ತಡವಾದರೆ ಬರೆಯುವ ಹಾಗಿಲ್ಲದ ಕಾಲದಲ್ಲಿ ರೈಲೆಲ್ಲ ಹೊತ್ತಿಗೇ ಬರುತ್ತವೆ. ಗುಮಾಸ್ತ ಸಮಯಕ್ಕೆ ಬಂದಿದ್ದಾನು, ಒಪ್ಪೋಣ. ಆದರೆ ಭಯಕ್ಕೆ ಬಂದವನು ಭಯ ಹೋದ ಮರುದಿನವೇ ಹೋಗುತ್ತಾನೆ. ತುರ್ತು ಪರಿಸ್ಥಿತಿ ಕಚೇರಿಗಳಿಗೆ ಕಲಿಸಿದ ಶಿಸ್ತಿನಲ್ಲಿ ಇವತ್ತು ಉಳಿದದ್ದು ಏನಾದರೂ ಇದ್ದರೆ ತೋರಿಸಲಿ. ಉಳಿದದ್ದು ಬೇರೆಯದೇ: ಮೇಲಿನವರ ಬಾಯಿಮಾತಿಗೆ ಕಡತ ತಿದ್ದುವ ಚಾಳಿ, ವರ್ಗಾವಣೆಯನ್ನು ಶಿಕ್ಷೆಯಾಗಿ ಬಳಸುವ ರೂಢಿ.

ಆ ಶಿಸ್ತು ಕೇಳಿದ ಬೆಲೆಯನ್ನೂ ಹೇಳಬೇಕು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳಾದವು. ಸರ್ಕಾರವೇ ಇಟ್ಟುಕೊಂಡ ಗುರಿ 43 ಲಕ್ಷ. ಮೇಷ್ಟ್ರ ಸಂಬಳ, ಬಡವನ ಸೈಟು, ಗುಮಾಸ್ತನ ಬಡ್ತಿ ಎಲ್ಲಕ್ಕೂ "ಕೇಸು ತಾ" ಎಂಬ ಷರತ್ತು ಅಂಟಿಕೊಂಡದ್ದರಿಂದ ಈ ಲೆಕ್ಕ ಉಬ್ಬಿತು. ತುರ್ತು ಪರಿಸ್ಥಿತಿಯ ತನಿಖೆ ಮಾಡಿದ ಷಾ ಆಯೋಗದ ಲೆಕ್ಕದಂತೆ 1 ಲಕ್ಷ 10 ಸಾವಿರಕ್ಕೂ ಹೆಚ್ಚು ಮಂದಿ ಜೈಲು ಕಂಡರು. ಹೊತ್ತಿಗೆ ಸರಿಯಾಗಿ ಬರುವ ರೈಲಿಗೆ ಇಷ್ಟು ಕೊಡಬಹುದೆಂದು ಯಾವ ಮನೆಯ ಯಜಮಾನ ಒಪ್ಪಿಯಾನು?

ಇಲ್ಲಿ ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ಹೆಸರು ಬಂದೇ ಬರುತ್ತದೆ. "ಭೂಮಿ ಹಂಚಿದ್ದು ಆಗಲೇ ಅಲ್ವಾ? ಹಾವನೂರು ವರದಿ ಬಂದದ್ದು ಆಗಲೇ ಅಲ್ವಾ?" ಅರಸರ ಕೆಲಸದ ಬಗ್ಗೆ ನನಗೆ ಗೌರವವಿದೆ. ಗೇಣಿದಾರನ ಹೆಸರಿಗೆ ಪಹಣಿ ಬಂದದ್ದು ಈ ರಾಜ್ಯ ಕಂಡ ದೊಡ್ಡ ನ್ಯಾಯ. ಅದಕ್ಕಾಗಿಯೇ ತಾರೀಖು ನೋಡಬೇಕು. ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ತುರ್ತು ಪರಿಸ್ಥಿತಿಗಿಂತ ಹದಿನೈದು ತಿಂಗಳು ಮೊದಲು. ವಿರೋಧ ಪಕ್ಷವಿದ್ದ ವಿಧಾನಸಭೆಯಲ್ಲಿ, ಬಾಯಿ ತೆರೆದಿದ್ದ ಪತ್ರಿಕೆಗಳ ಕಾಲದಲ್ಲಿ, ಚರ್ಚಿಸಿ ಮಾಡಿದ ಕಾನೂನು ಅದು. ಹಿಂದುಳಿದ ವರ್ಗಗಳ ಹಾವನೂರು ಆಯೋಗ ರಚನೆಯಾದದ್ದು 1972ರಲ್ಲಿ. ಭೂ ಟ್ರಿಬ್ಯೂನಲ್ಲುಗಳು ತುರ್ತು ಪರಿಸ್ಥಿತಿಯಲ್ಲೂ ಕೆಲಸ ಮಾಡಿದವು, ನಿಜ. ಅದಕ್ಕೆ ಸ್ನೇಹಲತಾ ಜೈಲಿನಲ್ಲಿರಬೇಕಾಗಿತ್ತೇ? ಒಳ್ಳೆಯ ಕೆಲಸಕ್ಕೆ ಪ್ರಜಾಪ್ರಭುತ್ವ ಸಾಲದು ಎನ್ನುವವರಿಗೆ ಅರಸರ ಕಾಯ್ದೆಯೇ ಉತ್ತರ. ಅದನ್ನು ತುರ್ತು ಪರಿಸ್ಥಿತಿಯ ಖಾತೆಗೆ ಬರೆಯುವುದು ಅರಸರಿಗೂ ಮಾಡುವ ಅನ್ಯಾಯ.

"ಕೊನೆಗೆ ಜನವೇ ಸೋಲಿಸಿದರಲ್ಲ, ವ್ಯವಸ್ಥೆ ತಾನೇ ಸರಿಹೋಯ್ತಲ್ಲ" ಎಂಬ ಸಮಾಧಾನವೂ ಉಂಟು. ಚುನಾವಣೆ ತಾನಾಗಿ ಬರಲಿಲ್ಲ. ಕರೆದದ್ದು ಆಕೆಯೇ, ಗೆಲ್ಲುವೆನೆಂದೇ ಕರೆದರೆಂದು ಆ ಕಾಲದವರು ನಂಬಿದ್ದರು. ಕರೆಯದಿದ್ದರೆ ಕರೆಸುವ ದಾರಿ ದೇಶಕ್ಕಿರಲಿಲ್ಲ. ಬೇರೆ ದೇಶಗಳ ಅದೃಷ್ಟ ಅಷ್ಟೂ ಇರಲಿಲ್ಲ. ಜರ್ಮನಿಯಲ್ಲಿ 1933ರ ಫೆಬ್ರವರಿ 28ರ ತುರ್ತು ಆಜ್ಞೆ ಹೊರಟದ್ದು ಆ ದೇಶದ ಸಂವಿಧಾನದ 48ನೇ ವಿಧಿಯಡಿಯೇ. ಮುಂದಿನ ತಿಂಗಳು ಸಂಸತ್ತೇ ಓಟು ಹಾಕಿ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನಿಗೆ ಒಪ್ಪಿಸಿತು. ಪೆರುವಿನಲ್ಲಿ 1990ರಲ್ಲಿ ಗೆದ್ದು ಬಂದ ಫುಜಿಮೋರಿ, 1992ರಲ್ಲಿ ಸೈನ್ಯದ ಬಲದಿಂದ ಸಂಸತ್ತನ್ನು ಮುಚ್ಚಿದಾಗ ಜನ ಬೀದಿಯಲ್ಲಿ ಬೆಂಬಲಿಸಿದರು. ಎಲ್ಲ ಕಡೆಯೂ ಒಂದೇ ರೀತಿ: ಆರಿಸಿ ಬಂದವರು, ಕಾನೂನಿನ ಕಾಗದ, ಚಪ್ಪಾಳೆ. ರಾಜಕೀಯದಲ್ಲಿ ವ್ಯಕ್ತಿಪೂಜೆ ಅವನತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿಯೆಂದು 1949ರ ನವೆಂಬರ್ 25ರಂದೇ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಇಪ್ಪತ್ತೈದೇ ವರ್ಷಕ್ಕೆ ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ, ಇಂದಿರೆಯೇ ಭಾರತ ಎಂದುಬಿಟ್ಟರು.

ಕರ್ನಾಟಕ ಕೊಟ್ಟ 26 ಸ್ಥಾನಗಳ ಬಗ್ಗೆಯೂ ಮುಖ ತಿರುಗಿಸದೆ ಮಾತಾಡಬೇಕು. ಆ ಓಟುಗಳಲ್ಲಿ ಅರಸರಿಂದ ಭೂಮಿ ಪಡೆದವರ ಕೃತಜ್ಞತೆ ಇತ್ತು. ಅದನ್ನು ತುಚ್ಛವಾಗಿ ನೋಡುವ ಹಕ್ಕು ನಗರದ ನಮಗಿಲ್ಲ. ಆದರೆ ಆ 26 ಸ್ಥಾನ ಸ್ನೇಹಲತಾ ರೆಡ್ಡಿಯ ಬಂಧನವನ್ನು ನ್ಯಾಯ ಮಾಡಲಿಲ್ಲ, 28 ಬಂದಿದ್ದರೂ ಮಾಡುತ್ತಿರಲಿಲ್ಲ. ಓಟು ಯಾರು ಆಳಬೇಕೆಂದು ತೀರ್ಮಾನಿಸುತ್ತದೆ. ಒಬ್ಬ ಹೆಂಗಸನ್ನು ಕಾರಣ ಹೇಳದೆ ಕೂಡಿಹಾಕಬಹುದೇ ಎಂಬುದನ್ನು ಎಷ್ಟು ಕೋಟಿ ಓಟೂ ತೀರ್ಮಾನಿಸಲಾರದು.

ಕನ್ನಡ ನಾಡು ಪೂರ್ತಿ ಮೌನವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಶಿವರಾಮ ಕಾರಂತರು ಪದ್ಮಭೂಷಣವನ್ನು ವಾಪಸು ಮಾಡಿದರು. ಸಾವಿರಾರು ಹುಡುಗರು ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಗುಟ್ಟಾಗಿ ಅಚ್ಚಾದ 'ಕಹಳೆ' ಕೈಯಿಂದ ಕೈಗೆ ದಾಟಿತು. ಆದರೆ ಅಂದು ಜೈಲು ಕಂಡವರ ವಾರಸುದಾರರೆಂದು ಹೇಳಿಕೊಳ್ಳುವವರಿಗೂ ಒಂದು ಪ್ರಶ್ನೆಯಿದೆ. ವಿಚಾರಣೆಯಿಲ್ಲದ ಸೆರೆ ಇಂದಿರಾ ಕಾಲದಲ್ಲಿ ಪಾಪವಾಗಿದ್ದರೆ ಈಗ ಪುಣ್ಯ ಹೇಗಾಯಿತು? 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಸ್ಟಾನ್ ಸ್ವಾಮಿ, ಪಾರ್ಕಿನ್ಸನ್ ರೋಗದಿಂದ ನಡುಗುವ 84ರ ಮುದುಕರು, ವಿಚಾರಣೆ ಶುರುವಾಗುವ ಮುನ್ನ 2021ರ ಜುಲೈ 5ರಂದು ಬಂಧನದಲ್ಲೇ ತೀರಿಕೊಂಡರು. ಅವರ ಮೇಲೆ ಹಾಕಿದ ಯುಎಪಿಎ ಕಾಯ್ದೆ 1967ರದು. ಅದರಲ್ಲಿ ಜಾಮೀನು ಸಿಗುವುದನ್ನು ಕಷ್ಟ ಮಾಡಿದ್ದು 2008ರ ಕಾಂಗ್ರೆಸ್ ನೇತೃತ್ವದ ಸರ್ಕಾರ, ಆ ಕಾಯ್ದೆಯನ್ನು 2019ರಲ್ಲಿ ಇನ್ನಷ್ಟು ಬಿಗಿ ಮಾಡಿದ್ದು ಬಿಜೆಪಿ ಸರ್ಕಾರ. 1978ರ 44ನೇ ತಿದ್ದುಪಡಿಯಿಂದಾಗಿ ತುರ್ತು ಪರಿಸ್ಥಿತಿಯ ಘೋಷಣೆ ಈಗ ಸುಲಭವಲ್ಲ. ಘೋಷಣೆಯೇ ಬೇಕಾಗದಂತೆ ಕೆಲಸ ಸಾಗಿಸುವ ಕಾನೂನುಗಳನ್ನು ಎರಡೂ ಪಕ್ಷಗಳು ಸೇರಿ ಸಿದ್ಧ ಮಾಡಿಟ್ಟಿವೆ.

ಆದ್ದರಿಂದ ಗಟ್ಟಿ ನಾಯಕ ಬೇಕೆನ್ನುವ ನನ್ನ ನೆರೆಹೊರೆಯವರಲ್ಲಿ ಕೈಮುಗಿದು ಕೇಳುತ್ತೇನೆ. ನಾಯಕ ಗಟ್ಟಿಯಿರಲಿ, ಅವನಿಗಿಂತ ಕೋರ್ಟು ಗಟ್ಟಿಯಿರಬೇಕು, ಪತ್ರಿಕೆ ಗಟ್ಟಿಯಿರಬೇಕು, ನಿಮ್ಮ ನಾಲಗೆ ಗಟ್ಟಿಯಿರಬೇಕು. ನಿಮಗೆ ಇಷ್ಟವಾದ ಪಕ್ಷ ನ್ಯಾಯಮೂರ್ತಿಯೊಬ್ಬರನ್ನು ಬದಿಗೊತ್ತಿದ ದಿನವೇ ಮಾತಾಡಿ. ನಿಮಗೆ ಆಗದವನೊಬ್ಬನನ್ನು ವಿಚಾರಣೆಯಿಲ್ಲದೆ ಒಳಗಿಟ್ಟ ದಿನವೇ ಮಾತಾಡಿ. 1973ರಲ್ಲಿ ಮಾತಾಡದ ದೇಶಕ್ಕೆ 1975ರಲ್ಲಿ ಮಾತಾಡುವ ಅವಕಾಶ ಉಳಿಯಲಿಲ್ಲ. ಒಂದು ಭಾನುವಾರ ಮೊಮ್ಮಕ್ಕಳನ್ನು ಆ ಹಳೇ ಜೈಲಿಗೆ ಕರೆದುಕೊಂಡು ಹೋಗಿ, ರೈಲಿನ ಕಥೆ ಬಿಟ್ಟು ಅಲ್ಲಿದ್ದ ಹೆಂಗಸಿನ ಕಥೆ ಹೇಳಿ.

ಸ್ನೇಹಲತಾ ರೆಡ್ಡಿಯನ್ನು ಪೆರೋಲಿನ ಮೇಲೆ ಬಿಟ್ಟದ್ದು 1977ರ ಜನವರಿ 15ರಂದು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಅವರ ಮೇಲಿನ ಯಾವ ಆರೋಪವನ್ನೂ ಸರ್ಕಾರ ಕೊನೆಯವರೆಗೂ ಸಾಬೀತು ಮಾಡಲಿಲ್ಲ.